ಕೆಂಪು-ಕೆಂಪು-ನೀಲಿ ಬಂದರೆ ಮಗಳು ತಡವರಿಸುತ್ತಾಳೆ, ಏನು ಮಾಡಲಿ?

ಪ್ರಶ್ನೆ (ಯುಕೆಜಿ ಮಗುವಿನ ತಾಯಿ): ಮೇಡಂ, ಮಗಳಿಗೆ ಐದು ವರ್ಷ. ಕೆಂಪು-ನೀಲಿ-ಕೆಂಪು-ನೀಲಿ ಅಂತ ಮಣಿ ಜೋಡಿಸಿ ಕೊಟ್ಟರೆ ಸಲೀಸಾಗಿ ಮುಂದುವರಿಸುತ್ತಾಳೆ. ಕೆಂಪು-ಕೆಂಪು-ನೀಲಿ ಇಟ್ಟರೆ ಮಾತ್ರ ಮತ್ತೆ ಕೆಂಪು-ನೀಲಿಗೇ ಹೋಗುತ್ತಾಳೆ. ಎಷ್ಟು ಹೇಳಿಕೊಟ್ಟರೂ ಅಷ್ಟೇ. ಲೆಕ್ಕದಲ್ಲಿ ಹಿಂದೆ ಬೀಳುತ್ತಾಳಾ?

ಉತ್ತರ (ಪ್ರಾಥಮಿಕ ಶಾಲಾ ಶಿಕ್ಷಕಿ): ಹೆದರಬೇಡಿ, ಈ ವಯಸ್ಸಿಗೆ ಇದು ತೀರಾ ಸಾಮಾನ್ಯ. ಎರಡು ಬಣ್ಣ ಒಂದು ಬಿಟ್ಟು ಒಂದು ಬರುವಾಗ "ಈಗ ಕೆಂಪು ಇಟ್ಟೆ, ಮುಂದೆ ಇನ್ನೊಂದು" ಅಂದುಕೊಂಡರೆ ಸಾಕು, ಹಿಂದಿನ ಒಂದೇ ಮಣಿ ನೋಡಿಕೊಂಡು ಇಡೀ ಸಾಲು ಮುಗಿಸಬಹುದು. ಕೆಂಪು-ಕೆಂಪು-ನೀಲಿಯಲ್ಲಿ ಅದು ನಡೆಯಲ್ಲ. ಕೆಂಪಿನ ಮುಂದೆ ಒಮ್ಮೆ ಕೆಂಪು, ಒಮ್ಮೆ ನೀಲಿ. ಮೂರೂ ಸೇರಿ ಒಂದು ತುಂಡು, ಆ ತುಂಡೇ ತಿರುಗಿ ಬರುತ್ತಿದೆ ಅಂತ ಅವಳಿಗೆ ಕಾಣಬೇಕು. ಪ್ಯಾಟರ್ನ್ ಪಾಠದಲ್ಲಿ ಮುಖ್ಯವಾದದ್ದು ಇದೇ.

ಹಾಗಾಗಿ "ಮುಂದೇನು?" ಅಂತ ಕೇಳುವುದನ್ನು ಸ್ವಲ್ಪ ದಿನ ಬಿಡಿ. ಹೂ ಕಟ್ಟುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ. ಎರಡು ಮಲ್ಲಿಗೆ, ಒಂದು ಕನಕಾಂಬರ. ತುಂಡು ಮೂರು ಸಲ ಪೂರ್ತಿ ಬಂದ ಮೇಲೆ "ಯಾವುದು ತಿರುಗಿ ತಿರುಗಿ ಬರ್ತಿದೆ, ಬೆರಳಿಟ್ಟು ತೋರಿಸು" ಅನ್ನಿ. ಆಮೇಲೆ ಅದನ್ನೇ ಸದ್ದಿಗೆ ತನ್ನಿ: ಚಪ್ಪಾಳೆ, ಚಪ್ಪಾಳೆ, ತೊಡೆಗೆ ಒಂದು ಏಟು. ಅಲ್ಲಿಂದ ಹುಣಸೆ ಬೀಜ, ಕಡಲೆಕಾಳು. ಹೂವಿನಲ್ಲಿ ನೋಡಿದ್ದನ್ನು ಕಾಳಿನಲ್ಲಿ ತಾನೇ ಮಾಡಿದಳು ಅಂದರೆ ಅರ್ಥವಾಗಿದೆ ಅಂತಲೇ. ಸಾಲಿನ ನಡುವೆ ಒಂದು ಕಾಳನ್ನು ಕೈಯಲ್ಲಿ ಮುಚ್ಚಿ ಯಾವುದು ಅಂತಲೂ ಕೇಳಿ, ಮಕ್ಕಳಿಗೆ ಈ ಆಟ ತುಂಬಾ ಇಷ್ಟ.

ಪ್ರಶ್ನೆ (ಎರಡನೇ ತರಗತಿ ಹುಡುಗನ ತಂದೆ): ಇದಕ್ಕೇ ಸೇರಿದ್ದು. 1, 2, 4, ಮುಂದೇನು ಅಂತ ಪರೀಕ್ಷೆಯಲ್ಲಿತ್ತು. ಮಗ 7 ಬರೆದ. ತಪ್ಪು ಹಾಕಿ 8 ಅಂತ ತಿದ್ದಿದ್ದಾರೆ.

ಉತ್ತರ: ಯಾಕೆ 7 ಅಂತ ಅವನನ್ನೇ ಕೇಳಿ. "ಮೊದಲು 1 ಕೂಡಿತು, ಆಮೇಲೆ 2, ಈಗ 3" ಅಂದರೆ ಅವನ ಉತ್ತರ ಪೂರ್ತಿ ಸರಿ. ದುಪ್ಪಟ್ಟು ಮಾಡುತ್ತಾ ಹೋದರೆ 8 ಸರಿ. ಮೂರೇ ಸಂಖ್ಯೆ ಕೊಟ್ಟು, ನಿಯಮವನ್ನೂ ಹೇಳದೆ, ಒಂದೇ ಉತ್ತರ ಬೇಕು ಅನ್ನುವುದು ಯೋಚಿಸುವ ಮಗುವಿಗೆ ಅನ್ಯಾಯ. ಟೀಚರ್ ಹತ್ತಿರ ಸಮಾಧಾನವಾಗಿ ಮಾತಾಡಿ, ಆದರೆ ಮಾತಾಡಿ.

ಅವನಿಗೆ ಬೆಳೆಯುವ ಪ್ಯಾಟರ್ನ್ ಕೊಡಿ. ರಂಗೋಲಿಗೆ 1, 3, 5, 7 ಅಂತ ಚುಕ್ಕಿ ಇಡ್ತೀವಲ್ಲ, ಸಾಲು ಸಾಲಾಗಿ ಕೂಡುತ್ತಾ ಹೋಗಲಿ: 1, 4, 9, 16. ಎಲ್ಲವೂ ಚೌಕ! ಯಾಕೆ ಅಂತ ಕಾಳಿನಲ್ಲೇ ತೋರಿಸಬಹುದು. ಒಂದು ಕಾಳಿನ ಬಲಕ್ಕೆ, ಕೆಳಕ್ಕೆ, ಮೂಲೆಗೆ ಸೇರಿ 3 ಇಟ್ಟರೆ ಎರಡೆರಡರ ಚೌಕ. ಅದಕ್ಕೆ ಹಾಗೇ 5 ಸುತ್ತಿದರೆ ಮೂರು ಮೂರರದು.

ಪ್ರಶ್ನೆ (ಮೊದಲ ತಾಯಿ): ಥ್ಯಾಂಕ್ಸ್ ಮೇಡಂ. ಮೊಬೈಲ್ ಆ್ಯಪ್ ಸಾಕಾಗಲ್ವಾ?

ಉತ್ತರ: ನಾನು ನೋಡಿದ ಆ್ಯಪ್‌ಗಳಲ್ಲಿ ಜಾಸ್ತಿ ಇರುವುದು "ಮುಂದೇನು" ಒಂದೇ. ಅದರ ಬದಲು ಅವಳೇ ಒಂದು ಸಾಲು ಜೋಡಿಸಲಿ, ತುಂಡು ಹುಡುಕುವ ಕೆಲಸ ನಿಮ್ಮದಾಗಲಿ.