ಬಿಷಪ್ಪರ ಮನೆಗೆ ಕನ್ನಡದಲ್ಲಿ ಏನನ್ನೋಣ? ಅರಮನೆ ಅನ್ನಬಹುದಾ?

ಗೆಳೆಯರಿಗೆಲ್ಲ ನಮಸ್ಕಾರ.

ಈಚೆಗೆ ದಕ್ಷಿಣ ಫ್ರಾನ್ಸಿನ ಆಲ್ಬಿ ಊರಿಗೆ ಹೋಗಿದ್ದೆ. ಅಲ್ಲಿನ ಮ್ಯೂಸಿಯಂ ಬಗ್ಗೆ ಬರೆಯೋಣ ಅಂತ ಕೂತರೆ ಮೊದಲ ಸಾಲಿನಲ್ಲೇ ಪೆನ್ನು ನಿಂತಿತು. ಆ ಕಟ್ಟಡವನ್ನು ಏನೆಂದು ಕರೆಯುವುದು?

ಅಲ್ಲಿಯವರು ಅದನ್ನು 'ಪಾಲೆ ದ ಲಾ ಬೆರ್ಬಿ' ಅನ್ನುತ್ತಾರೆ. 13ನೇ ಶತಮಾನದಲ್ಲಿ ಆಲ್ಬಿಯ ಬಿಷಪ್ಪರು ತಾರ್ನ್ ನದಿಯ ದಂಡೆಯಲ್ಲಿ ಇಟ್ಟಿಗೆಯಿಂದ ಕಟ್ಟಿಸಿಕೊಂಡ ಮನೆ. ಮನೆ ಅಂದೆ, ಆದರೆ ಕಣ್ಣಿಗೆ ಕಾಣುವುದು ಕೋಟೆ. ದಪ್ಪ ಗೋಡೆ, ಎತ್ತರದ ಬುರುಜು. ಕ್ಯಾಥೊಲಿಕ್ ಚರ್ಚಿನ ಮಾತನ್ನು ಒಪ್ಪದ ಕಥಾರ್ ಎಂಬ ಕ್ರೈಸ್ತ ಪಂಥದವರ ಮೇಲೆ ಸಾರಿದ್ದ ಯುದ್ಧ 1229ರಲ್ಲಿ ಮುಗಿದಿದ್ದರೂ ಹಗೆ ಆರಿರಲಿಲ್ಲ. 1276ರಿಂದ 1308ರವರೆಗೆ ಬಿಷಪ್ ಆಗಿದ್ದ ಬೆರ್ನಾರ್ ದ ಕಾಸ್ತಾನೆ ಊರಿನ ಒಡೆಯನೂ ಹೌದು, ಚರ್ಚಿನ ದಾರಿ ಬಿಟ್ಟವರ ವಿಚಾರಣೆ ನಡೆಸಿದವನೂ ಹೌದು. ಊರವರಿಗೂ ಅವನಿಗೂ ಆಗಿಬರುತ್ತಿರಲಿಲ್ಲ. ಅಂಥವನ ಮನೆಗೆ ದಪ್ಪ ಗೋಡೆ ಬೇಕೇ ಬೇಕಲ್ವಾ?

1905ರಲ್ಲಿ ಫ್ರಾನ್ಸ್ ಚರ್ಚನ್ನೂ ಸರ್ಕಾರವನ್ನೂ ಬೇರೆ ಬೇರೆ ಮಾಡಿತು. ಆಮೇಲೆ ಕಟ್ಟಡ ಬಿಷಪ್ಪರ ಕೈಬಿಟ್ಟಿತು. 1922ರಿಂದ ಅಲ್ಲಿರುವುದು ಇದೇ ಊರಲ್ಲಿ ಹುಟ್ಟಿದ ಚಿತ್ರಕಾರ ಟೂಲೂಸ್-ಲೋತ್ರೆಕ್‌ನ ಮ್ಯೂಸಿಯಂ. ಪ್ಯಾರಿಸ್ಸಿನ ಕುಣಿತದ ಮನೆ ಮೂಲಾಂ ರೂಜ್‌ಗೆ ಅವನು ಬರೆದ ಪೋಸ್ಟರುಗಳನ್ನು ಬಿಷಪ್ಪರ ಮನೆಯೊಳಗೆ ನಿಂತು ನೋಡಿದ್ದು ನನಗೆ ಮರೆಯುವಂಥದ್ದಲ್ಲ.

ಈಗ ಪದಕ್ಕೆ ಬರುತ್ತೇನೆ. 'ಬೆರ್ಬಿ' ಬಂದಿದ್ದು ಅಲ್ಲಿನ ಹಳೆಯ ನುಡಿಯಾದ ಓಕ್ಸಿತಾನ್‌ನ 'ಬೆಸ್ಬಿಯಾ' ಎಂಬುದರಿಂದ. ಅದರ ಬೇರು ಗ್ರೀಕಿನ 'ಎಪಿಸ್ಕೋಪೋಸ್'. ನಮಗೆ ಇಂಗ್ಲಿಷಿನಿಂದ ಬಂದ 'ಬಿಷಪ್' ಕೂಡ ಅದರದೇ ಕುಡಿ. 'ಎಪಿ' ಅಂದರೆ ಮೇಲೆ, 'ಸ್ಕೋಪೋಸ್' ಅಂದರೆ ನೋಡುವವನು. ಮೇಲಿಂದ ಕಣ್ಣಿಟ್ಟು ನೋಡಿಕೊಳ್ಳುವವನು.

ಕನ್ನಡ ಕ್ರೈಸ್ತರು ಬಿಷಪ್ಪರನ್ನು 'ಧರ್ಮಾಧ್ಯಕ್ಷರು' ಅನ್ನುತ್ತಾರೆ. ಈ ಪದವನ್ನು ಬಿಡಿಸಿ ನೋಡಿದಾಗ ನನಗೆ ರೋಮಾಂಚನವಾಯಿತು. 'ಅಧಿ' ಅಂದರೆ ಮೇಲೆ. 'ಅಕ್ಷ' ಅಂದರೆ ಕಣ್ಣು, ನಮ್ಮ ವಿರೂಪಾಕ್ಷನಲ್ಲಿರುವ ಅದೇ ಅಕ್ಷ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹೆಂಡದ ಉಸ್ತುವಾರಿಯ ಸುರಾಧ್ಯಕ್ಷ, ಬೇಸಾಯದ ಉಸ್ತುವಾರಿಯ ಸೀತಾಧ್ಯಕ್ಷರೂ ಹೀಗೆ ಕಣ್ಣಿಟ್ಟು ನೋಡಿಕೊಳ್ಳುವವರೇ. ಈಗ ಅಧ್ಯಕ್ಷ ಅಂದರೆ ಸಭೆಯ ದೊಡ್ಡ ಕುರ್ಚಿ ಮಾತ್ರ ನೆನಪಾಗುತ್ತದೆ. ಆದರೆ ಧರ್ಮಾಧ್ಯಕ್ಷ ಎಂಬುದು ಗ್ರೀಕ್ ಪದದ ಒಳಗಿನ ಅರ್ಥವನ್ನೇ ಹಿಡಿದಿದೆ. ತುಂಬ ಒಳ್ಳೆಯ ಪದ.

ಆಳಿಗೆ ಪದ ಸಿಕ್ಕಿತು, ಮನೆಗೆ ಸಿಗಲಿಲ್ಲ. 'ಧರ್ಮಾಧ್ಯಕ್ಷರ ನಿವಾಸ' ಅಂದರೆ ಸರ್ಕಾರಿ ಬಂಗಲೆಯ ಬೋರ್ಡು ಓದಿದ ಹಾಗಾಗುತ್ತದೆ. ಮಂಗಳೂರಿನಲ್ಲಿ ಬಳಕೆಯಲ್ಲಿರುವ 'ಬಿಷಪ್ ಹೌಸ್' ಇವತ್ತಿನ ಮನೆಗೆ ಸರಿ, 13ನೇ ಶತಮಾನದ ಬುರುಜಿಗೆ ಹೊಂದುವುದಿಲ್ಲ. 'ಮಠ' ಒಂದು ಲೆಕ್ಕಕ್ಕೆ ಹತ್ತಿರ. ಮಠ ಅಂದರೆ ಕಟ್ಟಡವೂ ಹೌದು, ಪೀಠವೂ ಹೌದು. ಬೆಸ್ಬಿಯಾಕ್ಕೆ ಸಮನಾದ ಫ್ರೆಂಚ್ ಪದ 'ಎವೆಶೆ'ಗೂ ಹಾಗೇ ಎರಡು ಅರ್ಥ: ಬಿಷಪ್ಪರ ಮನೆ, ಅವರ ಆಡಳಿತದ ಸೀಮೆ. ಆದರೆ ಕ್ರೈಸ್ತರಲ್ಲಿ ಮಠ ಅಂದರೆ ಸನ್ಯಾಸಿಗಳ ಜಾಗ, ಕನ್ಯಾಮಠದ ಹಾಗೆ. ಓದುವವರು ದಾರಿ ತಪ್ಪುತ್ತಾರೆ.

ನನ್ನ ಮನಸ್ಸು ವಾಲುತ್ತಿರುವುದು 'ಅರಮನೆ' ಕಡೆಗೆ. ಅರಸನಿಲ್ಲದೆ ಅರಮನೆಯೇ ಅಂತ ನೀವು ಕೇಳಬಹುದು. ಕಾಸ್ತಾನೆ ಊರು ಆಳಿದವನು, ಆ ಲೆಕ್ಕದಲ್ಲಿ ತಪ್ಪಿಲ್ಲ. ಅದಕ್ಕಿಂತ ಜಾಸ್ತಿ ಧೈರ್ಯ ಕೊಡುವುದು ಮಲೆಯಾಳ. ಕೇರಳದ ಸಿರಿಯನ್ ಕ್ರೈಸ್ತರಲ್ಲಿ 'ಅರಮನ' ಅಂದರೆ ಬಿಷಪ್ಪರ ಮನೆಯೇ. ನಮ್ಮ ಪದದ ಒಡಹುಟ್ಟು ಪಕ್ಕದ ಮನೆಯಲ್ಲಿ ಈ ಕೆಲಸ ಮಾಡುತ್ತಿರುವಾಗ ನಾವು ಯಾಕೆ ಹಿಂಜರಿಯಬೇಕು?

ಬಲ್ಲವರು ಎರಡು ವಿಷಯ ತಿಳಿಸಿ. ಕೇರಳದಿಂದ ಬಂದು ಬೆಳ್ತಂಗಡಿ ಕಡೆ ನೆಲೆಸಿದ ಸಿರಿಯನ್ ಕ್ರೈಸ್ತರು ಕನ್ನಡ ಮಾತಾಡುವಾಗಲೂ ಬಿಷಪ್ಪರ ಮನೆಗೆ ಅರಮನೆ ಅನ್ನುತ್ತಾರಾ? ಹಳೆಯ ಕನ್ನಡ ಚರ್ಚ್ ಬರಹಗಳಲ್ಲಿ ಈ ಮನೆಗೆ ಬೇರೆ ಯಾವುದಾದರೂ ಪದ ನೋಡಿದ್ದೀರಾ? ನೋಡಿದ್ದರೆ ಆ ಸಾಲನ್ನು ಇದ್ದ ಹಾಗೇ ಬರೆದು ಕಳಿಸಿ.