ಯುರೋಪಿನ ಲಾರಿ ಮುಂದೆ ಚಪ್ಪಟೆ, ಅಮೆರಿಕದ ಲಾರಿಗೆ ಅಷ್ಟುದ್ದ ಮೂತಿ. ಯಾಕೆ?

ಹೆದ್ದಾರಿ ಹುಚ್ಚ ಕೇಳಿದ್ದು:

ಮೊದಲು ಸ್ಟುಟ್‌ಗಾರ್ಟ್ ಹತ್ತಿರ ಕೆಲಸದಲ್ಲಿದ್ದೆ, ಈಗ ಡಲ್ಲಾಸ್‌ಗೆ ಬಂದಿದ್ದೇನೆ. ಎರಡೂ ಕಡೆ ಹೆದ್ದಾರಿಗೆ ಇಳಿದರೆ ನನ್ನ ಕಣ್ಣು ಲಾರಿಗಳ ಮೇಲೆಯೇ. ಜರ್ಮನಿಯಲ್ಲಿ ಲಾರಿಗಳೆಲ್ಲ ಮುಂದೆ ಚಪ್ಪಟೆ, ಡ್ರೈವರ್ ಎಂಜಿನ್ ಮೇಲೆಯೇ ಕೂತಿರುತ್ತಾನೆ. ನಮ್ಮೂರ ಲಾರಿಗಳೂ ಈಗ ಹೆಚ್ಚುಕಮ್ಮಿ ಹಾಗೇ ಅಲ್ವಾ. ಇಲ್ಲಿ ನೋಡಿದರೆ ಮುಂದೆ ಉದ್ದ ಬಾನೆಟ್, ಹಿಂದೆ ಮಲಗೋಕೆ ಒಂದು ಕೋಣೆ, ಅದರ ಹಿಂದೆ ಮುಗಿಯದಷ್ಟು ಉದ್ದದ ಟ್ರೇಲರ್. ಮರ್ಸಿಡಿಸ್ ಆಕ್ಟ್ರೋಸ್ ಮಾಡುವುದೂ ಡೈಮ್ಲರ್, ಫ್ರೈಟ್‌ಲೈನರ್ ಮಾಡುವುದೂ ಡೈಮ್ಲರ್. ಒಂದೇ ಕಂಪನಿ ಎರಡು ಕಡೆ ಎರಡು ಥರ ಯಾಕೆ ಮಾಡುತ್ತದೆ? ಅಮೆರಿಕದವರಿಗೆ ದೊಡ್ಡದೇ ಇಷ್ಟ ಅನ್ನುವ ಉತ್ತರ ಮಾತ್ರ ಬೇಡ, ಕೇಳಿ ಕೇಳಿ ಸಾಕಾಗಿದೆ.

ಆಕ್ಸಲ್ ರಾಯ:

ಕಾನೂನು ಅಳತೆ ಟೇಪನ್ನು ಎಲ್ಲಿಂದ ಎಲ್ಲಿಗೆ ಹಿಡಿಯುತ್ತದೆ ಅನ್ನುವುದರಲ್ಲೇ ಉತ್ತರ ಇದೆ. ಯುರೋಪಿನಲ್ಲಿ ಲಾರಿಯ ಮೂತಿಯಿಂದ ಟ್ರೇಲರ್‌ನ ಬಾಲದವರೆಗೆ ಒಟ್ಟು ಉದ್ದ 16.5 ಮೀಟರ್ ದಾಟುವಂತಿಲ್ಲ. 1996ರ ನಿಯಮ ಅದು. ಹಾಗಿದ್ದಾಗ ಮುಂದೆ ಒಂದು ಮೀಟರ್ ಬಾನೆಟ್ ಇಟ್ಟರೆ ಹಿಂದೆ ಸರಕಿಗೆ ಒಂದು ಮೀಟರ್ ಜಾಗ ಹೋಯಿತು. ಯಾವ ಮಾಲೀಕ ಒಪ್ಪುತ್ತಾನೆ ಹೇಳಿ? ಅದಕ್ಕೇ ಎಂಜಿನ್ ಕೆಳಗೆ, ಡ್ರೈವರ್ ಮೇಲೆ. ಸ್ಕ್ಯಾನಿಯಾದವರು ಬಾನೆಟ್ ಇರುವ ಲಾರಿಯನ್ನೂ ಮಾಡುತ್ತಿದ್ದರು, ಕೊಳ್ಳುವವರು ಕಮ್ಮಿಯಾಗಿ 2005ರಲ್ಲಿ ನಿಲ್ಲಿಸಿಬಿಟ್ಟರು.

ಅಮೆರಿಕದಲ್ಲೂ ಒಂದು ಕಾಲದಲ್ಲಿ ಹೀಗೇ ಇತ್ತು. 60, 70ರ ದಶಕದ ಫೋಟೋ ನೋಡಿ, ಚಪ್ಪಟೆ ಮುಖದ ಲಾರಿಗಳು ಬೇಕಾದಷ್ಟು ಕಾಣುತ್ತವೆ, ಯಾಕಂದರೆ ಆಗ ಬಹಳ ರಾಜ್ಯಗಳು ಒಟ್ಟು ಉದ್ದಕ್ಕೇ ಮಿತಿ ಹಾಕಿದ್ದವು. 1982ರಲ್ಲಿ ಹೊಸ ಕಾನೂನು ಬಂತು. ಇಂಟರ್‌ಸ್ಟೇಟ್‌ನಂಥ ದೊಡ್ಡ ಹೆದ್ದಾರಿಗಳಲ್ಲಿ ಟ್ರೇಲರ್ ಉದ್ದ ಮಾತ್ರ ಅಳೆಯಬೇಕು, ಎಳೆಯುವ ಲಾರಿ ಎಷ್ಟುದ್ದ ಇದ್ದರೂ ರಾಜ್ಯಗಳು ಕೇಳುವಂತಿಲ್ಲ ಅಂತಾಯಿತು. ಆಮೇಲೆ ಚಪ್ಪಟೆ ಲಾರಿ ಬೇಕು ಅನ್ನಲು ಕಾರಣವೇ ಉಳಿಯಲಿಲ್ಲ. ನಿಮ್ಮ ಡೈಮ್ಲರ್‌ನದೇ ಫ್ರೈಟ್‌ಲೈನರ್ ಆರ್ಗೋಸಿ ಅಂಥದ್ದು, 2006ಕ್ಕೆ ಅಮೆರಿಕದಲ್ಲಿ ಅದರ ಮಾರಾಟ ನಿಂತಿತು. ಈಗ ಅಲ್ಲಿ ಓಡುವ 53 ಅಡಿ ಟ್ರೇಲರ್ ಒಂದೇ 16 ಮೀಟರ್ ಆಗುತ್ತದೆ, ಅಂದರೆ ಯುರೋಪಿನ ಇಡೀ ಲಾರಿಯಷ್ಟು!

ಸೇತುವೆ ಎಂಜಿನಿಯರ್:

ರಾಯರು ಹೇಳಿದ್ದು ಸರಿ, ಆದರೆ ಉದ್ದದ ಜೊತೆ ತೂಕವನ್ನೂ ನೋಡಬೇಕು, ಇದನ್ನು ಜನ ಮರೆಯುತ್ತಾರೆ. ಅಮೆರಿಕದಲ್ಲಿ ಸಾಮಾನ್ಯ ಮಿತಿ 80,000 ಪೌಂಡ್, ಸುಮಾರು 36 ಟನ್. ಯುರೋಪಿನಲ್ಲಿ 40 ಟನ್. ಗಿಡ್ಡ ಲಾರಿಯೇ ಜಾಸ್ತಿ ಹೊರುತ್ತದೆ. ಕಾರಣ ಸೇತುವೆ. ಭಾರವೆಲ್ಲ ಒಂದೇ ಕಡೆ ಒತ್ತಿದರೆ ಸೇತುವೆಗೆ ಪೆಟ್ಟು, ಹಾಗಾಗಿ ಅಮೆರಿಕದ ಕಾನೂನಿನಲ್ಲಿ ಒಂದು ಸೂತ್ರ ಇದೆ: ಆಕ್ಸಲ್‌ಗಳ, ಅಂದರೆ ಚಕ್ರಗಳನ್ನು ಜೋಡಿಸುವ ಅಚ್ಚುಗಳ ನಡುವೆ ಅಂತರ ಹೆಚ್ಚಿದಷ್ಟೂ ಹೊರಬಹುದಾದ ತೂಕ ಹೆಚ್ಚು. ಐದು ಆಕ್ಸಲ್‌ನ ಲಾರಿ ಪೂರ್ತಿ 80,000 ಪೌಂಡ್ ಹೊರಬೇಕಾದರೆ ಮೊದಲ ಆಕ್ಸಲ್‌ನಿಂದ ಕೊನೆಯದಕ್ಕೆ ಸುಮಾರು 51 ಅಡಿ ಇರಬೇಕು. ಅಂದರೆ ಅಲ್ಲಿ ಉದ್ದವಾಗಿದ್ದರೆ ಲಾಭ, ಯುರೋಪಿನಲ್ಲಿ ಉದ್ದವಾಗಿದ್ದರೆ ನಷ್ಟ.

ಚಕ್ರಗಳ ಲೆಕ್ಕವೂ ಇಲ್ಲಿಂದಲೇ. ಯುರೋಪಿನಲ್ಲಿ ಎಂಜಿನ್ ತಿರುಗಿಸುವ ಒಂದು ಆಕ್ಸಲ್ 11.5 ಟನ್ ಹೊರಬಹುದು, ಹಾಗಾಗಿ ಹಿಂದೆ ಒಂದೇ ಆಕ್ಸಲ್ ಸಾಕು. ಅಮೆರಿಕದಲ್ಲಿ ಒಂಟಿ ಆಕ್ಸಲ್‌ಗೆ 20,000 ಪೌಂಡ್, ಅಂದರೆ 9 ಟನ್ ಅಷ್ಟೇ. ಎರಡು ಹಾಕಲೇಬೇಕು. ಮುಂದೆ 2, ಲಾರಿಯ ಹಿಂದೆ 8, ಟ್ರೇಲರ್‌ಗೆ 8. ಹದಿನೆಂಟು ಚಕ್ರದ ಲಾರಿ ಅಂತ ಅಲ್ಲಿನವರು ಕರೆಯುವುದು ಇದನ್ನೇ.

ರಾಟರ್‌ಡ್ಯಾಮ್ ಶೆಟ್ಟಿ:

ನಾನು ಬಂದರಿನ ಸರಕು ಸಾಗಣೆಯಲ್ಲಿದ್ದೇನೆ, ರಸ್ತೆ ಬಗ್ಗೆ ಹೇಳುತ್ತೇನೆ. ಇಲ್ಲಿ ಲಾರಿ ಹೋಗಬೇಕಾದ ಊರುಗಳು ಕುದುರೆ ಗಾಡಿ ಕಾಲದಲ್ಲಿ ಕಟ್ಟಿದವು. ಗೋದಾಮು ಊರ ಹೊರಗಿದ್ದರೂ ಅಂಗಡಿ ಇರುವುದು ಹಳೇ ಪೇಟೆಯಲ್ಲೇ, ದಾರಿಯಲ್ಲಿ ಹತ್ತಾರು ವೃತ್ತಗಳು. ಹೊರಗಡೆ 12.5 ಮೀಟರ್, ಒಳಗಡೆ 5.3 ಮೀಟರ್ ತ್ರಿಜ್ಯದ ಎರಡು ವೃತ್ತಗಳ ನಡುವೆ ಲಾರಿ ತಿರುಗಲೇಬೇಕು ಅಂತ ಕಾನೂನೇ ಇದೆ. ಉದ್ದ ಮೂತಿಯ ಅಮೆರಿಕದ ಕೆನ್‌ವರ್ತ್ ಲಾರಿ ತಂದು ಇಲ್ಲಿನ ಪೇಟೆಯಲ್ಲಿ ತಿರುಗಿಸಿ ನೋಡಿ, ಗೋಡೆ ಉಳಿಯುವುದಿಲ್ಲ. ಅಮೆರಿಕದ ಇಂಟರ್‌ಸ್ಟೇಟ್ ಶುರುವಾಗಿದ್ದು 1956ರ ಮೇಲೆ, ಲಾರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದ ರಸ್ತೆ. ನೆಟ್ಟಗೆ, ಅಗಲ, ಗಂಟೆಗಟ್ಟಲೆ ಸ್ಟೀರಿಂಗ್ ತಿರುಗಿಸುವ ಕೆಲಸವೇ ಇಲ್ಲ.

ವೇಗವೂ ಬೇರೆ. ಇಲ್ಲಿ ಲಾರಿಗೆ ಗಂಟೆಗೆ 90 ಕಿ.ಮೀ.ಗೆ ಕಡಿವಾಣ ಎಂಜಿನ್‌ನಲ್ಲೇ ಇದೆ. ಜರ್ಮನಿಯಲ್ಲಿ ಭಾನುವಾರ ದೊಡ್ಡ ಲಾರಿ ರಾತ್ರಿ 10ರವರೆಗೆ ರಸ್ತೆಗೇ ಇಳಿಯುವಂತಿಲ್ಲ, ನೀವೇ ನೋಡಿರುತ್ತೀರಿ. ದಿನಕ್ಕೆ 9 ಗಂಟೆ ಓಡಿಸಬಹುದು, ವಾರಕ್ಕೆ ಎರಡು ದಿನ 10. ನಾಲ್ಕೂವರೆ ಗಂಟೆಗೊಮ್ಮೆ 45 ನಿಮಿಷ ವಿರಾಮ ಕಡ್ಡಾಯ. ಅಮೆರಿಕದಲ್ಲಿ 11 ಗಂಟೆ ಓಡಿಸುತ್ತಾರೆ. ಮನೆ ಬಿಟ್ಟು ವಾರಗಟ್ಟಲೆ ತಿರುಗುವ ಡ್ರೈವರ್‌ಗೆ ಆ ಹಿಂದಿನ ಕೋಣೆಯೇ ಮನೆ. ಅದು ದೊಡ್ಡದಿದ್ದರೆ ಸುಮ್ನೆ ಶೋಕಿ ಅನ್ನಬೇಡಿ, ಒಬ್ಬ ಮನುಷ್ಯ ನೆಟ್ಟಗೆ ನಿಂತು ಬಟ್ಟೆ ಬದಲಿಸಬೇಕು, ಅಡುಗೆ ಮಾಡಿಕೊಳ್ಳಬೇಕು. ಇಲ್ಲಿನ ಡ್ರೈವರ್‌ಗಳಿಗೆ ಅಷ್ಟು ಜಾಗ ಕೊಡದಿರುವುದು ನನಗೆ ನಿಜಕ್ಕೂ ಅನ್ಯಾಯ ಅನ್ನಿಸುತ್ತದೆ.

ಹೆದ್ದಾರಿ ಹುಚ್ಚ:

ಎಲ್ಲರಿಗೂ ಧನ್ಯವಾದ, ಸೇತುವೆ ಸೂತ್ರ ನನಗೆ ಗೊತ್ತೇ ಇರಲಿಲ್ಲ. ಹಾಗಾದರೆ ಸುರಕ್ಷತೆ ಯಾವುದರಲ್ಲಿ ಜಾಸ್ತಿ?

ಆಕ್ಸಲ್ ರಾಯ:

ಯಾರ ಸುರಕ್ಷತೆ ಅನ್ನುವುದರ ಮೇಲೆ. ಎದುರಿನಿಂದ ಗುದ್ದಿದರೆ ಡ್ರೈವರ್ ಮುಂದೆ ಬಾನೆಟ್ ಇರುವುದು ಒಳ್ಳೆಯದೇ, ಆಕ್ಸಲ್ ಮೇಲೆ ಕೂರದ ಕಾರಣ ಕುಲುಕಾಟವೂ ಕಮ್ಮಿ. ಆದರೆ ಬಾನೆಟ್ ಮುಂದೆ ಮಗು ನಿಂತರೆ ಕಾಣುವುದಿಲ್ಲ. ಊರೊಳಗೆ ನಡೆಯುವವರು, ಸೈಕಲ್‌ನವರು ಇದ್ದ ಕಡೆ ನನ್ನ ಮತ ಚಪ್ಪಟೆ ಲಾರಿಗೇ. ಲಾರಿಯ ಪಕ್ಕದಿಂದ ನಡೆಯುವವರು, ಸೈಕಲ್‌ನವರು ಅಡಿಗೆ ಬೀಳದಂತೆ ತಡೆಯುವ ಕಂಬಿ ಯುರೋಪಿನಲ್ಲಿ ಕಡ್ಡಾಯ, ಅಮೆರಿಕದ ಕೇಂದ್ರ ಕಾನೂನು ಹಿಂದಿನ ಕಂಬಿ ಮಾತ್ರ ಕೇಳುತ್ತದೆ. ಪಕ್ಕದ ಕಂಬಿ ಅಲ್ಲೂ ಬರಲೇಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ.

ಯುರೋಪಿನವರೂ ಸ್ವಲ್ಪ ಸಡಿಲಿಸಿದ್ದಾರೆ. 2020ರಿಂದ ಗಾಳಿ ಸೀಳಲು, ಸುರಕ್ಷತೆಗೆ ಅಂತ ಮೂತಿಯನ್ನು ತುಸು ಉದ್ದ ಮಾಡಬಹುದು, ಸರಕಿನ ಜಾಗ ಕಡಿತವಾಗುವುದಿಲ್ಲ. 2021ರಲ್ಲಿ ನೆದರ್ಲೆಂಡ್ಸ್‌ನ ಲಾರಿ ಕಂಪನಿ ಡಾಫ್‌ನವರು ಮೊದಲು ಅದನ್ನು ಬಳಸಿಕೊಂಡರು.

ಸೇತುವೆ ಎಂಜಿನಿಯರ್:

ಇನ್ನೊಂದು. ಡಲ್ಲಾಸ್‌ನಲ್ಲಿ ನಿಮ್ಮ ಬೀದಿಗೆ ಬರುವ ಕಸದ ಲಾರಿಯನ್ನು ಗಮನಿಸಿ. ಅಮೆರಿಕದಲ್ಲೂ ಅವು ಬಹುಪಾಲು ಚಪ್ಪಟೆ ಮುಖದವೇ. ಗಲ್ಲಿಯಲ್ಲಿ ತಿರುಗಬೇಕು, ಮನೆ ಮನೆ ಮುಂದೆ ನಿಲ್ಲಬೇಕು, ಮುಂದೆ ಯಾರಿದ್ದಾರೆ ಅಂತ ಕಾಣಬೇಕು.