ಇಂಡಿಯನ್ ಲಾಂಗ್ ರೇಂಜ್ ಸ್ಕ್ವಾಡ್ರನ್ ಪಾತ್ರ ಮಾಡಿದವರು ಯಾರಾದರೂ ಇದ್ದೀರಾ? ಅನುಭವ ಹಂಚಿಕೊಳ್ಳಿ

ಕೇಳಿದವರು, ಇಂಗ್ಲೆಂಡ್‌ನ ಕೆಂಟ್

ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧದಲ್ಲಿ ಲಿಬಿಯಾ ಮರುಭೂಮಿಯಲ್ಲಿ ಬೇಹುಗಾರಿಕೆ ನಡೆಸಿದ ಬ್ರಿಟಿಷ್ ಸೇನೆಯ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ನೆನಪಿಗಾಗಿ ಇಲ್ಲಿ ಒಂದು ತಂಡವಿದೆ. ಆ ಕಾಲದ ಉಡುಪು ತೊಟ್ಟು, ಟ್ರಕ್ ನಿಲ್ಲಿಸಿ, ಬಂದವರಿಗೆ ವಿವರಿಸುತ್ತಾರೆ. ಅದರ ಜೊತೆ ಕೆಲಸ ಮಾಡಿದ ಭಾರತೀಯ ಸ್ಕ್ವಾಡ್ರನ್ನನ್ನೂ ತೋರಿಸಬೇಕೆಂದು ನನ್ನನ್ನೂ ಮಗನನ್ನೂ ಕರೆದಿದ್ದಾರೆ. ಎಲ್ಲಿಂದ ಶುರು ಮಾಡಬೇಕು? ಬಂದೂಕು ಬೇಕಾ? ಕನ್ನಡದವರಾದ ನಾವು ಜಾಟ್ ಯೋಧನ ಪಾತ್ರ ಮಾಡಿದರೆ ತಪ್ಪಾಗುತ್ತದಾ?

ಉತ್ತರ, ಲೆಸ್ಟರ್‌ನಿಂದ

ಕರೆದಿದ್ದಾರೆ ಅಂದರೆ ಖಂಡಿತ ಹೋಗಿ. ಬಂದೂಕಿನ ವಿಚಾರ ಆಮೇಲೆ ನೋಡೋಣ. ಡೆಸರ್ಟ್ ಗ್ರೂಪ್ ಎಂದರೆ ಜನರ ಕಣ್ಣಿಗೆ ಬರುವುದು ಮೆಷಿನ್‌ಗನ್ ಹೊತ್ತ ಟ್ರಕ್, ವಿಮಾನ ನಿಲ್ದಾಣದ ಮೇಲಿನ ದಾಳಿ. 1942ರ ಸೆಪ್ಟೆಂಬರ್‌ನಲ್ಲಿ ಲಿಬಿಯಾದ ಬಾರ್ಚೆ ಊರಿನ ಮೇಲೆ ಅಂಥ ದಾಳಿ ನಡೆದದ್ದೂ ನಿಜ. ಆದರೆ ಅವರ ಅತಿ ದೊಡ್ಡ ಕೆಲಸ ರೋಡ್ ವಾಚ್, ಅಂದರೆ ಶತ್ರುವಿನ ರಸ್ತೆಯ ಮೇಲೆ ಕಣ್ಣಿಡುವುದು. ನಾವು ತೋರಿಸಬೇಕಾದದ್ದು ಅದನ್ನೇ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

1942ರ ಮಾರ್ಚ್‌ನಿಂದ ಜುಲೈವರೆಗೆ, ಟ್ರಿಪೊಲಿಯಿಂದ ಬೆಂಗಾಜಿ ಕಡೆಗೆ ಹೋಗುವ ಕರಾವಳಿ ರಸ್ತೆಯ ಪಕ್ಕ, ಇಟಲಿಯವರು ಕಟ್ಟಿಸಿದ್ದ ಮಾರ್ಬಲ್ ಆರ್ಚ್ ಎಂಬ ಕಮಾನಿನ ಹತ್ತಿರ, ಸರದಿಯ ಮೇಲೆ ಇಬ್ಬರಿಬ್ಬರು ಹಗಲೂ ರಾತ್ರಿ ಕಾವಲು ಕೂತರು. ಬೆಳಕು ಹರಿಯುವ ಮೊದಲೇ ರಸ್ತೆಯಿಂದ ಸುಮಾರು 350 ಗಜ ದೂರದ ಕುರುಚಲಲ್ಲಿ ಮಲಗಿಬಿಟ್ಟರೆ ಇಡೀ ಹಗಲು ಏಳುವ ಹಾಗಿಲ್ಲ. ಹೋಗುವ ಪ್ರತಿ ಲಾರಿ, ಟ್ಯಾಂಕ್, ಫಿರಂಗಿ, ಸ್ಟಾಫ್ ಕಾರು ಲೆಕ್ಕಕ್ಕೆ. ಕತ್ತಲಾದ ಮೇಲೆ ರಸ್ತೆಯಿಂದ ಸುಮಾರು 30 ಗಜದಷ್ಟು ಹತ್ತಿರಕ್ಕೆ ಹೋಗಿ, ಸದ್ದು ಮತ್ತು ಆಕಾರದಿಂದಲೇ ಯಾವ ವಾಹನವೆಂದು ಗುರುತು ಹಿಡಿಯುವುದು. ಆ ಲೆಕ್ಕ ವೈರ್‌ಲೆಸ್ ಮೂಲಕ ಕೈರೋಗೆ ಹೋಗುತ್ತಿತ್ತು. ಒಂದು ಗುಂಡು ಹಾರಿಸಿದ್ದರೂ ಅಷ್ಟು ತಿಂಗಳ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು.

ನಮ್ಮ ಪ್ರದರ್ಶನದಲ್ಲಿ ಇದನ್ನು ಹೀಗೆ ಮಾಡುತ್ತೇವೆ. ಮೈದಾನಕ್ಕೆ ಬರುವ ದಾರಿ ಕಾಣುವ ಕಡೆ ಬಲೆ ಹರಡಿ ಅದರಡಿ ಇಬ್ಬರು ಬೋರಲು ಮಲಗುತ್ತೇವೆ. ಪಕ್ಕದಲ್ಲಿ ಮಕ್ಕಳಿಗೂ ಜಾಗ. ಮಗುವಿನ ಕೈಗೆ ಬೈನಾಕ್ಯುಲರ್, ಪೆನ್ಸಿಲ್, ವಾಹನಗಳ ಚಿತ್ರವಿರುವ ಒಂದು ಹಾಳೆ ಕೊಟ್ಟು, ಬರುವ ಕಾರು, ವ್ಯಾನು, ಬಸ್ಸು ಎಲ್ಲ ಗೀಟು ಹಾಕಿ ಲೆಕ್ಕ ಇಡು ಅನ್ನುತ್ತೇವೆ. ಹತ್ತು ನಿಮಿಷದಲ್ಲಿ ಮೊಣಕೈ ನೋಯುತ್ತದೆ, ಕಣ್ಣು ಬೇರೆಡೆ ಹೋಗುತ್ತದೆ, ಎರಡು ಕಾರು ತಪ್ಪಿಹೋಗುತ್ತವೆ. ಆಗ ನಾವು ಹೇಳುತ್ತೇವೆ: ಅವರು ಇದನ್ನೇ ಬಿಸಿಲಲ್ಲಿ, ಶತ್ರುವಿನ ಕಣ್ಣೆದುರೇ, ಬೆಳಗಿನಿಂದ ಸಂಜೆವರೆಗೆ ಮಾಡಿದರು. ಆ ಮಗುವಿನ ಮುಖ ನೋಡಿದರೆ ತಿಳಿಯುತ್ತದೆ, ಮಾತು ತಟ್ಟಿದೆ ಅಂತ.

ಇನ್ನು ಸನ್ ಕಂಪಾಸ್. ಗುಂಪನ್ನು 1940ರಲ್ಲಿ ಕಟ್ಟಿದ ರಾಲ್ಫ್ ಬ್ಯಾಗ್ನಾಲ್ಡ್ ಯುದ್ಧಕ್ಕೆ ಮುಂಚೆಯೇ ಮರುಭೂಮಿ ಸುತ್ತುವಾಗ ರೂಪಿಸಿದ್ದು. ಡಿಗ್ರಿ ಗುರುತಿನ ತಟ್ಟೆಯ ನಡುವೆ ನೆಟ್ಟಗೆ ನಿಂತ ಒಂದು ಸೂಜಿ. ಸೂರ್ಯ ಸರಿದಂತೆ ತಟ್ಟೆ ತಿರುಗಿಸುತ್ತಾ, ಸೂಜಿಯ ನೆರಳನ್ನು ಗುರುತಿನ ಮೇಲೆ ಹಿಡಿದು ಓಡಿಸಿದರೆ ದಿಕ್ಕು ತಪ್ಪದು. ಟ್ರಕ್ಕಿನ ಕಬ್ಬಿಣದಿಂದ ಮಾಮೂಲಿ ದಿಕ್ಸೂಚಿ ಕೆಡುವುದರಿಂದ ಇದು ಬೇಕಾಯಿತು. ಬೇಸಿಗೆಯ ನಡುಮಧ್ಯಾಹ್ನ ನೆರಳು ಸಾಲದೆ ಗಾಡಿ ನಿಲ್ಲಿಸುತ್ತಿದ್ದರು. ಮೋಡದ ದಿನ ತೋರಿಸಲು ಒಂದು ಟಾರ್ಚ್ ಇಟ್ಟುಕೊಳ್ಳಿ. ಕುದಿಯುವ ರೇಡಿಯೇಟರ್‌ನ ಆವಿಯನ್ನು ಕೊಳವೆಯಲ್ಲಿ ಹೊರಗಿನ ಡಬ್ಬಕ್ಕೆ ಹಾಯಿಸಿ ನೀರು ಉಳಿಸುತ್ತಿದ್ದ ಏರ್ಪಾಟನ್ನೂ ತೋರಿಸಿ. ಆಳಿಗೆ ದಿನಕ್ಕೆ 6 ಪೈಂಟ್, ಅಂದರೆ ಸುಮಾರು ಮೂರೂವರೆ ಲೀಟರ್ ನೀರಿನಲ್ಲಿ ಕುಡಿಯುವುದೂ ಚಹಾ ಕಾಯಿಸುವುದೂ ಮುಗಿಯಬೇಕು. ಅಷ್ಟು ನೀರನ್ನು ಬಾಟಲಿಗೆ ತುಂಬಿ ಮೇಜಿನ ಮೇಲೆ ಇಟ್ಟುಬಿಡಿ, ಸಾಕು.

ಈಗ ನಿಮ್ಮ ಕೊನೆಯ ಪ್ರಶ್ನೆ. ಸ್ಕ್ವಾಡ್ರನ್ ಹುಟ್ಟಿದ್ದು 1941ರ ಕೊನೆಯಲ್ಲಿ. ಸೆಕೆಂಡ್ ಲ್ಯಾನ್ಸರ್ಸ್, ಇಲೆವೆಂತ್ ಕ್ಯಾವಲ್ರಿ, ಏಟೀಂತ್ ಕ್ಯಾವಲ್ರಿ, ಈ ಮೂರು ಅಶ್ವದಳಗಳಿಂದ ಆಯ್ದವರು. ಜಾಟ್, ಸಿಖ್, ರಜಪೂತ್, ಪಂಜಾಬಿ ಮುಸಲ್ಮಾನ ಎಂದು ನಾಲ್ಕು ಗಸ್ತು ಪಡೆಗಳು. ನಮ್ಮ ಕಡೆಯವರು ಇದ್ದರೆಂದು ಹೇಳಲು ಹೋಗಬೇಡಿ. "ನನ್ನ ಹೆಸರು ಇಂಥದ್ದು, ನಾನು ಕರ್ನಾಟಕದವನು, ಹರಿಯಾಣ–ಪಂಜಾಬ್ ಕಡೆಯ ಇವರ ಕಥೆ ಹೇಳಲು ನಿಂತಿದ್ದೇನೆ" ಎಂದು ಶುರು ಮಾಡಿ. ಸುಳ್ಳು ಹೆಸರು, ಕಲಿತ ಉಚ್ಚಾರ ಯಾವುದೂ ಬೇಡ. ಸಿಖ್ ಪೇಟ ಧರ್ಮದ ಗುರುತು, ಅದನ್ನು ವೇಷಕ್ಕೆ ಕಟ್ಟಬೇಡಿ. ಸಿಖ್ ಗೆಳೆಯರು ಬಂದರೆ ಆ ಜಾಗ ಅವರದು. ಪದವಿಗಳು ಅಶ್ವದಳದವು: ಸವಾರ್, ದಫೇದಾರ್, ಜಮಾದಾರ್. ಪದಕ ಮಾತ್ರ ಎದೆಗೆ ಚುಚ್ಚಿಕೊಳ್ಳಬೇಡಿ, ಅದು ಗಳಿಸಿದವರದ್ದು.

ಉತ್ತರ, ಬರ್ಮಿಂಗ್‌ಹ್ಯಾಮ್‌ನಿಂದ

ಬಂದೂಕಿನ ಬಗ್ಗೆ ಇಷ್ಟು. ನಕಲಿಯಾದರೂ ಸರಿಯಾದ ಕಾರಣವಿಲ್ಲದೆ ಸಾರ್ವಜನಿಕ ಸ್ಥಳಕ್ಕೆ ಒಯ್ಯುವುದು ಇಲ್ಲಿ ಬ್ರಿಟನ್ನಿನಲ್ಲಿ ಅಪರಾಧ. ಅಸಲಿಯಂತೆ ಕಾಣುವ ನಕಲಿ ಮಾರುವುದಕ್ಕೂ 2006ರ ಕಾನೂನಿನ ನಿರ್ಬಂಧವಿದೆ, ವಿಮೆ ಇರುವ ರೀಎನಾಕ್ಟ್‌ಮೆಂಟ್ (ಇತಿಹಾಸ ಮರುಪ್ರದರ್ಶನ) ತಂಡದವರಿಗೆ ಅದರಲ್ಲಿ ವಿನಾಯಿತಿ. ಹಾಗಾಗಿ ಮೊದಲು ತಂಡದ ಸದಸ್ಯತ್ವ, ವಿಮೆಯ ಕಾಗದ. ನಿಷ್ಕ್ರಿಯಗೊಳಿಸಿದ ಹಳೆ ಬಂದೂಕಾದರೆ ಅದರ ಪ್ರಮಾಣಪತ್ರ ಜೊತೆಗಿರಲಿ. ದಾರಿಯಲ್ಲಿ ಚೀಲದೊಳಗೆ, ಡಿಕ್ಕಿಯಲ್ಲಿ. ಪೆಟ್ರೋಲ್ ಬಂಕ್‌ನಲ್ಲಿ ಯೂನಿಫಾರ್ಮ್ ಮೇಲೆ ಒಂದು ಮಾಮೂಲಿ ಜಾಕೆಟ್. ಹೊಸಬರು ಮೊದಲ ವರ್ಷ ಬಂದೂಕಿಲ್ಲದೆಯೇ ನಿಲ್ಲುವುದು ಒಳ್ಳೆಯದು.

ಉತ್ತರ, ಆಕ್ಲೆಂಡ್‌ನಿಂದ

ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಈ ಗುಂಪಿಗೆ ಮೊದಲು ಸೇರಿದವರು ಇಲ್ಲಿನವರು, ನ್ಯೂಜಿಲೆಂಡ್ ಡಿವಿಷನ್ನಿನ ಹುಡುಗರು. ಅವರ ಗಸ್ತು ಪಡೆಗಳಿಗೆ ಒಂದೊಂದು ಇಂಗ್ಲಿಷ್ ಅಕ್ಷರವೇ ಹೆಸರು, ಆ ಅಕ್ಷರದಿಂದ ಶುರುವಾಗುವ ಮಾವೊರಿ (ಇಲ್ಲಿನ ಮೂಲನಿವಾಸಿಗಳ ಭಾಷೆ) ಹೆಸರುಗಳನ್ನು ಟ್ರಕ್ಕುಗಳಿಗೆ ಇಡುತ್ತಿದ್ದರು. ಟ್ರಕ್ಕಿಗೆ ಹೆಸರು ಬರೆಯುವುದಾದರೆ ಹಳೆ ಫೋಟೊ ನೋಡಿ ಬರೆಯಿರಿ.

1941ರ ಜನವರಿ 31ರಂದು ಲಿಬಿಯಾದ ಜೆಬೆಲ್ ಶೆರೀಫ್‌ನಲ್ಲಿ ಟಿ ಗಸ್ತಿನ ಮೇಲೆ ಇಟಲಿಯವರು ಮುಗಿಬಿದ್ದಾಗ ಹಿಂದುಳಿದ ನಾಲ್ವರಲ್ಲಿ ರೊನಾಲ್ಡ್ ಮೂರ್ ಒಬ್ಬರು. ಕಾಲಿಗೆ ಗಾಯ, ನಾಲ್ವರಿಗೂ ಸೇರಿ ಎರಡು ಗ್ಯಾಲನ್ನಿಗಿಂತ ಕಡಿಮೆ ನೀರು. ಶರಣಾಗುವುದು ಬಿಟ್ಟು ದಕ್ಷಿಣಕ್ಕೆ ನಡೆದರು. ಹತ್ತನೇ ದಿನ ಸಿಕ್ಕಾಗ ಮೂರ್ 200 ಮೈಲಿ ದಾಟಿ ಇನ್ನೂ ನಡೆಯುತ್ತಿದ್ದರು. ಇದನ್ನು ಅಭಿನಯಿಸಲು ಹೋಗಬೇಡಿ. ಒಂದು ನಕ್ಷೆ ಹಾಸಿ, ಬೆರಳಿಟ್ಟು ದಾರಿ ತೋರಿಸುತ್ತಾ ಹೇಳಿ. ಬಾಯಾರಿ ಬಳಲಿದವರ ನಟನೆ ಮಾಡಿದಾಗ ಜನ ನಗುವುದನ್ನು ನಾನು ನೋಡಿದ್ದೇನೆ, ನಕ್ಷೆಯ ಮುಂದೆ ಯಾರೂ ನಕ್ಕಿಲ್ಲ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗನಿಗೆ ಓದಿ ಹೇಳಿದೆ, ಅವನಿಗೆ ರೋಡ್ ವಾಚ್ ಸಾಕಂತೆ, ಬಂದೂಕು ಬೇಡವಂತೆ. ಲೆಸ್ಟರ್‌ನವರೇ, ಆ ವಾಹನಗಳ ಹಾಳೆ ಕಳಿಸಲು ಆಗುತ್ತದಾ? ಉಡುಪಿನ ಬಗ್ಗೆ ಯಾರೂ ಹೇಳಲಿಲ್ಲ.

ಉತ್ತರ, ಲೆಸ್ಟರ್‌ನಿಂದ

ಹಾಳೆ ಕಳಿಸುತ್ತೇನೆ. ಉಡುಪಿಗೆ ಖಾಕಿ ಡ್ರಿಲ್ ಅಂಗಿ, ಚಡ್ಡಿ, ರಾತ್ರಿ ಚಳಿಗೆ ಕುರಿಚರ್ಮದ ಕೋಟು. ಬೂಟಿಗಿಂತ ಮೊದಲು ಆಗಿನ ಭಾರತದ ವಾಯವ್ಯ ಗಡಿನಾಡಿನ ಚಪ್ಪಲಿ ಹುಡುಕಿ. ಬ್ರಿಟಿಷರು, ನ್ಯೂಜಿಲೆಂಡಿನವರು ಕೂಡ ಮರಳಲ್ಲಿ ಅದನ್ನೇ ಹಾಕುತ್ತಿದ್ದರು. ಕೊಳ್ಳುವ ಮೊದಲು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನ ಫೋಟೊ ಸಂಗ್ರಹ ನೋಡಿ, ಗಸ್ತಿನ ವರದಿಗಳಿಗೆ ಲಂಡನ್ನಿನದೇ ಕ್ಯೂ (Kew) ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್. ಮಗನನ್ನೂ ಕರೆದುಕೊಂಡು ಹೋಗಿ.